ಹತ್ತಿ ಇಳಿದ ಘಟ್ಟ

ನಮ್ಮ ಕಡೆ ರಸ್ತೆಯ ಉದ್ಘಾಟನೆಗೆ ಶಾಮಿಯಾನ ಹಾಕುತ್ತಾರೆ, ಕಲ್ಲು ನೆಡುತ್ತಾರೆ, ಕಲ್ಲಿನ ಮೇಲೆ ಯಾರ ಹೆಸರು ಮೊದಲು ಬರಬೇಕೆಂದು ಜಗಳವೂ ಆಗುತ್ತದೆ. ಗಟಾರ ಬಿಡಿಸಿದ್ದಕ್ಕೆ ಯಾರಾದರೂ ಟೇಪು ಕತ್ತರಿಸಿದ್ದನ್ನು ಮಾತ್ರ ನಾನು ಕಂಡಿಲ್ಲ. ಘಟ್ಟದ ರಸ್ತೆ ಉಳಿಯುವುದು ಈ ಎರಡನೆಯ ಕೆಲಸದಿಂದ.

ಶಿರಸಿ ಸೀಮೆಯ ಅಡಿಕೆ ತೋಟದ ಮಗ್ಗುಲಲ್ಲಿ ಹುಟ್ಟಿದವನು ನಾನು. ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗುವುದೆಂದರೆ ಕಿಸೆಯಲ್ಲಿ ಲಿಂಬೆಹಣ್ಣು ಇಟ್ಟುಕೊಂಡು, ಕಿಟಕಿಯ ಸರಳಿಗೆ ಹಣೆ ಆನಿಸಿ, ಒಂದೊಂದೇ ತಿರುವನ್ನು ಶಪಿಸುತ್ತ ಕೂರುವುದು. ಆದರೆ ಆ ತಿರುವುಗಳನ್ನು ಬಸ್ಸಿಗಾಗಿ ಹಾಕಿದ್ದಲ್ಲ, ಎತ್ತಿಗಾಗಿ ಹಾಕಿದ್ದು. ಭಾರದ ಗಾಡಿಯನ್ನು ಎತ್ತು ಮೇಲೆ ಎಳೆದರೆ ಸಾಲದು, ಇಳಿಜಾರಿನಲ್ಲಿ ಕೊರಳೊಡ್ಡಿ ತಡೆದೂ ಹಿಡಿಯಬೇಕು. ಬೆಟ್ಟದ ರಸ್ತೆಗೆ ಇಂದಿಗೂ ಎಂಜಿನಿಯರುಗಳು ಇಟ್ಟುಕೊಳ್ಳುವ ಲೆಕ್ಕ 20 ಅಡಿ ಹೋದರೆ 1 ಅಡಿ ಏರು. ಹಾಗೆ ಹೊರಟರೆ 1,000 ಅಡಿ ಎತ್ತರಕ್ಕೆ ಸುಮಾರು 6 ಕಿಲೋಮೀಟರ್ ರಸ್ತೆ ಬೇಕು. ಗುಡ್ಡದ ಮೈಯಲ್ಲಿ ಅಷ್ಟು ಉದ್ದ ಎಲ್ಲಿಂದ ತರುವುದು? ಮಡಚಿ ಮಡಚಿಯೇ ಹಾಸಬೇಕು.

ಗಾಡಿರಸ್ತೆಗೂ ಮೊದಲು ಇಲ್ಲಿ ಇದ್ದದ್ದು ಹೇರೆತ್ತಿನ ಹಾದಿ. ಸೋದೆ, ಗೇರುಸೊಪ್ಪೆ ಅರಸರ ಕಾಲದಲ್ಲಿ ಕಾಳುಮೆಣಸು ಕೆಳಗಿಳಿಯುತ್ತಿತ್ತು, ಉಪ್ಪು ಮೇಲೆ ಬರುತ್ತಿತ್ತು. ಎತ್ತಿನ ಬೆನ್ನಿನ ಮೇಲಿನ ಮೆಣಸಿನ ಚೀಲಕ್ಕೆ ನೇರ ಹಾದಿಯೂ ಆದೀತು, ಕಡಿದಾದದ್ದೂ ಆದೀತು. ಆಮೇಲೆ ಬಂದದ್ದು ಹತ್ತಿ. ಅದಕ್ಕೆ ಆ ಹಾದಿ ಒಗ್ಗಲಿಲ್ಲ. ಧಾರವಾಡದ ಎರೆಭೂಮಿಯಲ್ಲಿ ಬೆಳೆದ ಹತ್ತಿ ಮಳೆಗಾಲಕ್ಕೆ ಮುಂಚೆ ಕಡಲು ಸೇರಬೇಕು. ದಾರಿಯಲ್ಲಿ ಧೂಳು ಕುಡಿದರೂ ಕೇಡು, ನೀರು ಕುಡಿದರೂ ಕೇಡು. ಕುಮಟಾ ಬಂದರಿನಲ್ಲಿ ಪತ್ತೆಮಾರಿ ಹಾಯಿಹಡಗು ಹತ್ತಿ ಮುಂಬಯಿಗೆ, ಅಲ್ಲಿಂದ ಮ್ಯಾಂಚೆಸ್ಟರಿಗೆ ಅದರ ಪಯಣ. ಕುಮಟಾದ ಗದ್ದೆಯಲ್ಲಿ ಒಂದು ಗಿಡವೂ ಬೆಳೆಯದಿದ್ದರೂ ಪೇಟೆಯವರು ಆ ತಳಿಯನ್ನೇ ಕುಮಟಾ ಹತ್ತಿ ಎಂದು ಕರೆದರು. ಬೆಳೆದವನಿಗಿಂತ ಸಾಗಿಸಿದವನಿಗೆ ಹೆಸರು ಬರುವುದು ಅಡಿಕೆಯವರಾದ ನಮಗೇನೂ ಹೊಸದಲ್ಲ.

ತಮಾಷೆಯೆಂದರೆ ಧಾರವಾಡ ಮುಂಬಯಿ ಪ್ರಾಂತದಲ್ಲಿ, ಕರಾವಳಿ ಮದ್ರಾಸು ಪ್ರಾಂತದಲ್ಲಿ. ಹತ್ತಿಯ ಲಾಭ ಮುಂಬಯಿಗೆ, ಘಟ್ಟ ಕಡಿಯುವ ಖರ್ಚು ಮದ್ರಾಸಿಗೆ. ಆಳುವವರು ಒಬ್ಬರೇ ಆದರೂ ಗುಡ್ಡದ ನೆತ್ತಿಯಲ್ಲಿ ಕಡತ ನಿಂತುಬಿಡುತ್ತಿತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಿತು. ಮ್ಯಾಂಚೆಸ್ಟರಿನ ಗಿರಣಿಗಳಿಗೆ ನಮ್ಮ ಘಟ್ಟ ದಿಢೀರನೆ ನೆನಪಾಯಿತು. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿಗೆ ಸೇರಿಸಿದರು. ಕಾರವಾರವನ್ನು ದೊಡ್ಡ ಬಂದರು ಮಾಡುವ ಕನಸು ಮೊಳೆಯಿತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬುದೊಂದು ಹತ್ತಿ ಒತ್ತುವ ಯಂತ್ರಗಳನ್ನು ಹಡಗಿನಲ್ಲಿ ಕಾರವಾರದ ಮಗ್ಗುಲಿನ ಸದಾಶಿವಗಡಕ್ಕೆ ತಂದು ಇಳಿಸಿಯೂ ಬಿಟ್ಟಿತು. ಆಗ ನೋಡಿದರೆ, ಧಾರವಾಡಕ್ಕೆ ಹತ್ತುವ ರಸ್ತೆಯೇ ಮುಗಿದಿರಲಿಲ್ಲ!

ಅಂತೂ ರಸ್ತೆಗಳಾದವು. ಅರಬೈಲು, ದೇವಿಮನೆ ಘಟ್ಟಗಳಲ್ಲಿ ಗಾಡಿಗಳ ಸಾಲು ಇಳಿಯಿತು. ಈ ಕಾಡಿನಲ್ಲಿ ಗುಡ್ಡ ಕಡಿಯುವುದೆಂದರೆ ಕಲ್ಲಿಗಿಂತ ಚಳಿಜ್ವರದ ಜತೆ ಸೆಣಸಾಟ. ಸೊಳ್ಳೆಯಿಂದ ಮಲೇರಿಯಾ ಬರುತ್ತದೆಂದು ರೊನಾಲ್ಡ್ ರಾಸ್ ಕಂಡುಕೊಂಡದ್ದು 1897ರಲ್ಲಿ, ಅಷ್ಟು ಹೊತ್ತಿಗೆ ಈ ರಸ್ತೆಗಳು ಹಳೆಯವಾಗಿದ್ದವು. ಹಾರೆ ಹಿಡಿದವರ ಹೆಸರನ್ನು ಘಟ್ಟದ ಯಾವ ಕಲ್ಲಿನಲ್ಲೂ ನಾನು ಓದಿಲ್ಲ. 1865ರಲ್ಲಿ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಬಿತ್ತು. 1880ರ ದಶಕದಲ್ಲಿ ರೈಲು ಹುಬ್ಬಳ್ಳಿಗೆ ಬಂತು, ಕ್ಯಾಸಲ್‌ರಾಕ್ ಮೇಲಿಂದ ಮುರಗಾಂವಿಗೆ ಇಳಿಯಿತು. ಹತ್ತಿ ರೈಲು ಹತ್ತಿತು. ಕುಮಟಾ, ಕಾರವಾರಗಳು ನೋಡುತ್ತ ನಿಂತವು. ನಮ್ಮ ಪಾಲಿಗೆ ಉಳಿದದ್ದು ಯಾರದೋ ಗಿರಣಿಗೆಂದು ಕಡಿದ ರಸ್ತೆ, ಮತ್ತು ಪ್ರತಿ ವರ್ಷ ಅದರ ಮೇಲೆ ಬೀಳುವ 3,000 ಮಿಲಿಮೀಟರಿಗೂ ಮಿಕ್ಕಿದ ಮಳೆ.

ಈ ಮಳೆಗೂ ರಸ್ತೆಗೂ ನಡುವೆ ನಿಂತವನು ಗ್ಯಾಂಗ್‌ಮನ್. ನನ್ನ ಬಾಲ್ಯದ ಗ್ಯಾಂಗ್‌ಮನ್ನನಿಗೆ ಖಾಕಿ ಚಡ್ಡಿ, ಕಂಬಳಿಕೊಪ್ಪೆ, ಹೆಗಲ ಮೇಲೆ ಗುದ್ದಲಿ, ಸೊಂಟದಲ್ಲಿ ಕತ್ತಿ. ಜೋರು ಮಳೆ ಬಿದ್ದಾಗ ಎಲ್ಲರೂ ಒಳಗೆ ಸೇರಿದರೆ ಅವನು ಹೊರಬೀಳುತ್ತಿದ್ದ. ನೀರು ಎಲ್ಲಿ ದಾರಿ ತಪ್ಪಿದೆ ಎನ್ನುವುದು ಮಳೆಯಲ್ಲೇ ಕಾಣುವುದು, ಬಿಸಿಲಲ್ಲಿ ಕಾಣುವುದಿಲ್ಲವಲ್ಲ. ಒಮ್ಮೆ ನಮ್ಮ ಜಗಲಿಯಲ್ಲಿ ಚಾ ಕುಡಿಯುತ್ತ ಅಪ್ಪಯ್ಯನಿಗೆ ಅಂದಿದ್ದ: “ನೀರು ರಸ್ತೆ ಮ್ಯಾಲೆ ನಡೂಕೆ ಕಲ್ತ್ರೆ ಮುಗೀತ್ರಾ ಹೆಗಡೇರೇ, ಮತ್ತೆ ಬಸ್ಸು ನಡೂದಿಲ್ಲ.”

ಸ್ಕಾಟ್ಲೆಂಡಿನ ರಸ್ತೆ ಎಂಜಿನಿಯರ್ ಜಾನ್ ಮ್ಯಾಕಾಡಂ 19ನೇ ಶತಮಾನದ ಆರಂಭದಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಭಾರ ಹೊರುವುದು ಅಡಿಯ ಮಣ್ಣು. ಅದು ಒಣಗಿದ್ದರೆ ಎಷ್ಟನ್ನಾದರೂ ಹೊರುತ್ತದೆ. ಜಲ್ಲಿಯ ಕೆಲಸ ಆ ಮಣ್ಣಿಗೆ ಸೂರು ಹಾಕುವುದು. ಅದಕ್ಕೇ ರಸ್ತೆಯನ್ನು ಅಕ್ಕಪಕ್ಕಕ್ಕಿಂತ ಎತ್ತರಿಸಬೇಕು, ನಡುವೆ ಉಬ್ಬಿಸಬೇಕು, ಮೇಲುಹೊದಿಕೆಯ ಒಂದೊಂದು ಜಲ್ಲಿಯೂ 6 ಔನ್ಸು, ಎಂದರೆ 170 ಗ್ರಾಂ ಮೀರಬಾರದು ಎಂದ. ಘಟ್ಟದಲ್ಲಿ ಇದಕ್ಕೆ ಇನ್ನೂ ಸ್ವಲ್ಪ ಸೇರಿಸಬೇಕು: ಗುಡ್ಡದ ಬದಿಗೆ ಒಳಗಟಾರ, ಅದು ತುಂಬುವ ಮೊದಲೇ ಕೆಳಗೆ ದಾಟಿಸಲು ಮೋರಿ, ಕಣಿವೆಯ ಬದಿಗೆ ಗಾರೆಯಿಲ್ಲದೆ ಪೇರಿಸಿದ ಕಲ್ಲುಗೋಡೆ. ಆ ಹಳೆಯ ಗೋಡೆಗಳ ಸಂದಿಯಲ್ಲಿ ಮಳೆಗಾಲವಿಡೀ ನೀರು ಜಿನುಗುತ್ತಿರುತ್ತದೆ, ಜರಿಗಿಡ ಬೆಳೆದಿರುತ್ತದೆ. ಗೋಡೆ ಹಳತಾಯಿತೆಂದು ಅದನ್ನು ಸಿಮೆಂಟಿನಿಂದ ಮುಚ್ಚುವವರಿದ್ದಾರೆ. ಹಿಂದೆ ನಿಂತ ನೀರಿಗೆ ತೂತು ಬಿಡದಿದ್ದರೆ ಗೋಡೆಯೇ ಮುಂದೆ ಬರುತ್ತದೆ.

ಹೆದ್ದಾರಿಗಾದರೆ ಗ್ಯಾಂಗ್‌ಮನ್ ಇದ್ದ. ಅಲ್ಲಿಂದ ಕವಲೊಡೆದು ಸೊಪ್ಪಿನಬೆಟ್ಟದೊಳಗೆ ನುಸುಳಿ ನಮ್ಮ ಕೇರಿಗೆ ಬರುವ ಮಣ್ಣುರಸ್ತೆಗೆ ಯಾರೂ ಇರಲಿಲ್ಲ. ಮೃಗಶಿರೆ ಮಳೆ ಹಿಡಿಯುವ ಮೊದಲು ಮನೆಗೊಂದಾಳು ಹೊರಡಬೇಕು, ಸಂಕದ ಮರ ಕುಂಬಾಗಿದ್ದರೆ ಬದಲಿಸಬೇಕು, ಗಟಾರ ಬಿಡಿಸಬೇಕು. ಮಧ್ಯಾಹ್ನ ಯಾರದಾದರೂ ಮನೆಯಲ್ಲಿ ಅಪ್ಪೆಹುಳಿ ಊಟ. ಊಟಕ್ಕೆ ಬರುವ ಜನ ಬೆಳಿಗ್ಗೆ ಗುದ್ದಲಿ ಹಿಡಿದವರಿಗಿಂತ ಜಾಸ್ತಿ ಇರುತ್ತಿದ್ದರು. ನಮಗೆ ಗೊತ್ತಿಲ್ಲದೆಯೇ ನಡೆಯುತ್ತಿದ್ದ ಇನ್ನೊಂದು ರಿಪೇರಿಯೂ ಇತ್ತು. ಬೇಸಿಗೆಯಲ್ಲಿ ಕೊಟ್ಟಿಗೆಗೆ ಹಾಸಲೆಂದು ಹೆಂಗಸರು ರಸ್ತೆಬದಿಯ ಒಣಎಲೆಯ ದರಕನ್ನೆಲ್ಲ ಗುಡಿಸಿ ಒಯ್ಯುತ್ತಿದ್ದರು. ಮೋರಿಯ ಬಾಯಿ ತಾನಾಗಿ ತೆರೆದಿರುತ್ತಿತ್ತು. ಈಗ ಕೊಟ್ಟಿಗೆಯಲ್ಲಿ ದನ ಕಡಿಮೆ, ಗಟಾರದಲ್ಲಿ ದರಕು ಹೆಚ್ಚು, ಅದರ ಜತೆಗೆ ಗುಟಕಾ ಚೀಟಿ.

ಡಾಂಬರು ಕೇಳಲು ಹೋದಾಗ ಸರ್ಕಾರದ ಲೆಕ್ಕದ ಪರಿಚಯವಾಯಿತು. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲುನಾಡಿನಲ್ಲಿ 500 ಜನರ ಊರಿಗೆ ರಸ್ತೆ ಎಂದಿತು, ಗುಡ್ಡಗಾಡು ರಾಜ್ಯಗಳಲ್ಲಿ 250 ಜನ ಸಾಕೆಂದಿತು. ಕರ್ನಾಟಕ ಗುಡ್ಡಗಾಡು ರಾಜ್ಯವಲ್ಲ. ಹೀಗಾಗಿ ಕಾಗದದ ಮೇಲೆ ನಾವೂ ಬಯಲುಸೀಮೆಯವರೇ ಆದೆವು. ತೋಟಕ್ಕೊಂದು ಮನೆ, ಮನೆಗೊಂದು ಗುಡ್ಡ ಇರುವಲ್ಲಿ 500 ಜನರನ್ನು ಒಟ್ಟಿಗೆ ಕಾಣಬೇಕಾದರೆ ಯಕ್ಷಗಾನ ಆಡಿಸಬೇಕಷ್ಟೇ. ಕಾಡಿನ ತುಣುಕು ದಾಟಬೇಕಾದಲ್ಲಿ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಎದುರಾಗುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಒಂದು ಕಿಂಡಿ ಬಿಟ್ಟಿದೆ: ಗ್ರಾಮಸಭೆ ಶಿಫಾರಸು ಮಾಡಿದರೆ, 1 ಹೆಕ್ಟೇರಿಗಿಂತ ಕಡಿಮೆ ಜಾಗದಲ್ಲಿ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದೆ ರಸ್ತೆ ಮಾಡಬಹುದು. ಈ ಮಿತಿಯ ಬಗ್ಗೆ ನನಗೆ ತಕರಾರಿಲ್ಲ. ಕಿರಿದಾದ ರಸ್ತೆ ಗುಡ್ಡವನ್ನು ಕಡಿಮೆ ಕೆಣಕುತ್ತದೆ.

ಕೆಣಕಿದರೆ ಏನಾಗುತ್ತದೆಂದು ನಮ್ಮ ಜಿಲ್ಲೆ ಕಂಡಿದೆ. 2021ರ ಜುಲೈನಲ್ಲಿ ಅರಬೈಲು ಘಟ್ಟ ಜರಿಯಿತು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಬಂದು, ಚಾ ಅಂಗಡಿ, ಲಾರಿ, ಮನುಷ್ಯರನ್ನು ಗಂಗಾವಳಿ ನದಿಗೆ ತಳ್ಳಿತು. ಮಳೆ ಜೋರಿತ್ತು, ನಿಜ. ಆದರೆ ಯಂತ್ರದಿಂದ ಬುಡವನ್ನು ನೆಟ್ಟಗೆ ಕಡಿದ ಧರೆಗೆ ಒರಗಿ ನಿಲ್ಲಲು ಏನಿರುತ್ತದೆ? ಎತ್ತಿಗಾಗಿ ರಸ್ತೆ ಮಾಡಿದವರಿಗೆ ಮರದ ಮೇಲೆ ಪ್ರೀತಿಯೇನೂ ಇರಲಿಲ್ಲ. ಗುದ್ದಲಿ, ಮದ್ದುಗಳಲ್ಲಿ ಇಷ್ಟು ಕಡಿಯುವ ತಾಕತ್ತು ಇರಲಿಲ್ಲ, ಅಷ್ಟೇ.

ನಮ್ಮ ಕೇರಿಯ ರಸ್ತೆಗೆ ಕಡೆಗೂ ಡಾಂಬರು ಬಿತ್ತು. ಮನೆಗೊಂದಾಳಿನ ಪದ್ಧತಿ ಅಂದಿನಿಂದಲೇ ನಿಂತಿತು, ಡಾಂಬರು ಸರ್ಕಾರದ್ದಲ್ಲವೇ! ಈಚೆಗೆ ಒಬ್ಬರು ಕಾರು ಅಂಗಳಕ್ಕೆ ಬರಲೆಂದು ಮನೆಯೆದುರಿನ ಗಟಾರಕ್ಕೆ ಮಣ್ಣು ತುಂಬಿದರು. ಆರಿದ್ರೆಯ ನೀರು ರಸ್ತೆಗೆ ನುಗ್ಗಿ ತಿರುವಿನ ಡಾಂಬರು ಕಿತ್ತಿತು. ದೇವಸ್ಥಾನದಲ್ಲಿ ಸಭೆ ಸೇರಿತು. ಮಣ್ಣು ತೆಗೆದು ಸಿಮೆಂಟು ಪೈಪು ಹಾಕುವುದೆಂದಾಯಿತು. ಅವರು ಒಂದಡಿಯ ಪೈಪು ಸಾಕೆನ್ನುತ್ತಾರೆ, ಕೆಳಮನೆಯವರು ಎರಡಡಿಯದೇ ಬೇಕೆನ್ನುತ್ತಾರೆ. ಹೆಚ್ಚಿನ ದುಡ್ಡು ಯಾರು ಕೊಡುವುದೆಂದು ಮುಂದಿನ ಸಭೆಗೆ ಇಟ್ಟಿದ್ದಾರೆ. ನಾನು ಎರಡಡಿಯ ಪಕ್ಷ; ಅದಕ್ಕೇ ವಂತಿಗೆ ಎತ್ತುವ ಕೆಲಸ ನನ್ನ ತಲೆಗೆ ಬಂದಿದೆ.