ಮೆಟ್ಟಿಲ ಗುಡ್ಡಗಳಲ್ಲಿ ಸೈಕಲ್ಲು

ಮುಂಬಯಿಯ ಹೊರವಲಯದ ಡೊಂಬಿವಲಿಯ ನಿವಾಸಿಗೆ ಗುಡ್ಡವೆಂಬುದು ಬಹುಕಾಲ ರೈಲಿನ ಕಿಟಕಿಯಾಚೆಗಿನ ವಸ್ತುವಾಗಿಯೇ ಉಳಿದಿತ್ತು. ಸ್ಲೋ ಲೋಕಲ್ ಹಿಡಿದವನಿಗೆ ಮುಂಬ್ರಾದೇವಿಯ ಗುಡಿಯನ್ನು ಹೊತ್ತ ಕಡಿದಾದ ಬೆಟ್ಟವಾದರೂ ಕಾಣುತ್ತಿತ್ತು. ಫಾಸ್ಟ್ ಲೋಕಲ್ಲಿನವನು ದಶಕಗಳ ಕಾಲ ಅದೇ ಬೆಟ್ಟಸಾಲನ್ನು, 1916ರಲ್ಲಿ ತೆರೆದ, ಸುಮಾರು 1.3 ಕಿಲೋಮೀಟರ್ ಉದ್ದದ ಪಾರ್ಸಿಕ್ ಸುರಂಗದ ಕತ್ತಲೆಯಾಗಿ ಮಾತ್ರ ಅರಿತು ದಾಟುತ್ತಿದ್ದ. ಬೆಟ್ಟಕ್ಕೆ ಏರು ಎಂಬುದೊಂದಿದೆಯೆಂದು ಪ್ರಯಾಣಿಕನಿಗೆ ಗೊತ್ತಾಗದಂತೆ ನೋಡಿಕೊಳ್ಳುವುದೇ ರೈಲ್ವೆ ಎಂಜಿನಿಯರನ ಕಸುಬು. 1863ರಲ್ಲಿ ತೆರೆದ ಭೋರ್ ಘಾಟಿನ ಹಳಿ ಅತಿ ಕಡಿದಾದ ಕಡೆಯಲ್ಲೂ 37 ಅಡಿಗೆ ಒಂದಡಿಯಷ್ಟೇ ಏರುತ್ತದೆ. ಅಷ್ಟಕ್ಕೇ ಗಾಡಿಯನ್ನು ಹಿಂದಿನಿಂದ ದೂಡಲು 'ಬ್ಯಾಂಕರ್' ಎಂದು ಕರೆಯುವ ಹೆಚ್ಚುವರಿ ಎಂಜಿನ್ ಬೇಕು. ಇದೇ ಸೀಮೆಯ ಕಾಲುದಾರಿಗಳಲ್ಲಿ ಹತ್ತಡಿಗೆ ಒಂದಡಿ ಏರುವುದು ಸಾಮಾನ್ಯ ಸಂಗತಿ, ಮತ್ತು ಅಲ್ಲಿ ಹಿಂದಿನಿಂದ ದೂಡುವವರು ಯಾರೂ ಇರುವುದಿಲ್ಲ.

ಅಂಗಡಿಗಳಲ್ಲಿ ಎಂಟಿಬಿ ಎಂಬ ಮೂರಕ್ಷರದಿಂದ ಗುರುತಿಸುವ ಮೌಂಟನ್ ಬೈಕು, ಅಂದರೆ ದಪ್ಪ ಟೈರಿನ ಗುಡ್ಡಗಾಡು ಸೈಕಲ್ಲು, ಮೂಲತಃ ಇಳಿಯುವ ಹುಚ್ಚಿನಿಂದ ಹುಟ್ಟಿದ್ದು. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಯುವಕರು 1970ರ ದಶಕದಲ್ಲಿ ಹಳೆಯ ಸೈಕಲ್ಲುಗಳನ್ನು ಬೆಟ್ಟದ ಮೇಲಕ್ಕೆ ಸಾಗಿಸಿ ಮಣ್ಣುದಾರಿಯಲ್ಲಿ ಧಡಧಡನೆ ಇಳಿಯುತ್ತಿದ್ದರು. 1976ರಲ್ಲಿ ಶುರುವಾದ ಅವರ ಪಂದ್ಯಕ್ಕೆ 'ರೀಪ್ಯಾಕ್' ಎಂದು ಹೆಸರು ಬಂದದ್ದು, ಪೆಡಲನ್ನು ಹಿಮ್ಮುಖವಾಗಿ ತುಳಿದು ಹಿಡಿಯುವ ಬ್ರೇಕಿನ ಹಬ್ಬಿನೊಳಗಿನ ಗ್ರೀಸು ಒಂದೇ ಇಳಿತಕ್ಕೆ ಕಾದು ಹೊಗೆಯಾಗಿ ಹೋಗಿ, ಅದನ್ನು ಮತ್ತೆ ತುಂಬಬೇಕಾಗುತ್ತಿದ್ದುದರಿಂದ. 1977ರಲ್ಲಿ ಜೋ ಬ್ರೀಜ್ ಇದಕ್ಕೆಂದೇ ಹೊಸ ಫ್ರೇಮು ಕಟ್ಟಿದ. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಮೌಂಟನ್ ಬೈಕಿನ ಸವಾರಿ ಪದಕದ ಆಟವಾಯಿತು. ಠಾಣೆ, ಕಲ್ಯಾಣ, ನವಿ ಮುಂಬಯಿಯ ಸವಾರನಿಗೆ ಇಳಿತದ ಸುಖ ಅಷ್ಟು ಸಲೀಸಾಗಿ ಸಿಗದು. ಇಳಿಯಬೇಕಾದರೆ ಮೊದಲು ತುಳಿದೇ ಏರಬೇಕು.

ಆ ಏರಿನ ಸ್ವಭಾವ ತಿಳಿಯಲು ಭೂವಿಜ್ಞಾನದ ಸ್ವಲ್ಪ ನೆರವು ಬೇಕಾಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದು ಹೆಪ್ಪುಗಟ್ಟಿದ ಲಾವಾದಿಂದಾದ ಈ ಕಪ್ಪುಕಲ್ಲಿನ ನೆಲವನ್ನು 'ಡೆಕ್ಕನ್ ಟ್ರ್ಯಾಪ್' ಎನ್ನುತ್ತಾರೆ; 'ಟ್ರ್ಯಾಪ್' ಎಂಬುದು ಮೆಟ್ಟಿಲು ಎಂಬರ್ಥದ ಸ್ವೀಡಿಷ್ ಮಾತಿನಿಂದ ಬಂದದ್ದು. ಗಟ್ಟಿ ಪದರ ಗೋಡೆಯಂತೆ ನಿಲ್ಲುತ್ತದೆ, ಮೆತ್ತಗಿನ ಪದರ ಸವೆದು ಜಗಲಿಯಂತಾಗುತ್ತದೆ. ಹೀಗಾಗಿ ಮಲಂಗಗಡದ ತಪ್ಪಲಿನಲ್ಲಾಗಲಿ ಖಾರಘರ್ ಗುಡ್ಡದ ಮೇಲಾಗಲಿ ಏರು ಒಂದೇ ಸಮನಾಗಿರದೆ, ಒಂದಷ್ಟು ದೂರ ಸವಾರನನ್ನು ಜಗಲಿಯ ಮೇಲೆ ಸುಮ್ಮನೆ ಸಾಗಗೊಟ್ಟು, ಅವನ ಉಸಿರು ಹದಕ್ಕೆ ಬಂತೆನ್ನುವಷ್ಟರಲ್ಲಿ ಮುಂದಿನ ಗೋಡೆಯನ್ನು ಎದುರಿಗೆ ತಂದು ನಿಲ್ಲಿಸುತ್ತದೆ. ಬೆಟ್ಟಕ್ಕೆ ಕುಹಕ ಗೊತ್ತಿದೆಯೆಂದು ಯಾರಾದರೂ ಹೇಳಿದರೆ ಭೂವಿಜ್ಞಾನಿಗಳು ಅದನ್ನು ಪೂರ್ತಿ ಅಲ್ಲಗಳೆಯಲಾರರು.

ಈ ಗೋಡೆಗಳಿಗೆ ಉತ್ತರ ಗೇರುಗಳಲ್ಲಿದೆ. ಹಳ್ಳಿಯ ಹಾಲಿನವನ ಹಳೆಯ ಸೈಕಲ್ಲು ಪೆಡಲಿನ ಒಂದು ಸುತ್ತಿಗೆ ಐದು ಮೀಟರಿಗೂ ಮಿಕ್ಕಿ ಮುಂದೆ ಹೋಗುತ್ತದೆ; ಮುಂದೆ 32 ಹಲ್ಲು, ಹಿಂದೆ 51 ಹಲ್ಲಿನ ಚಕ್ರಗಳಿಗೆ ಚೈನು ಕೂರಿಸಿದ ಮೌಂಟನ್ ಬೈಕು ಒಂದು ಸುತ್ತಿಗೆ ಒಂದೂವರೆ ಮೀಟರೂ ಸಾಗುವುದಿಲ್ಲ. ಕಾಲು ಹಗುರಾಗುತ್ತದೆ, ವೇಗ ನಡಿಗೆಗಿಂತ ಹೆಚ್ಚೇನೂ ಉಳಿಯುವುದಿಲ್ಲ. ಅಷ್ಟು ನಿಧಾನದಲ್ಲಿ ಸಮತೋಲವೇ ದೊಡ್ಡ ಕೆಲಸವಾಗುತ್ತದೆ: ಸವಾರ ಸೀಟಿನ ಮೂತಿಗೆ ಸರಿದು, ಎದೆಯನ್ನು ಹ್ಯಾಂಡಲಿನತ್ತ ಬಾಗಿಸಬೇಕು, ಹೆಚ್ಚು ಮುಂದೆ ಬಾಗಿದರೆ ಹಿಂದಿನ ಚಕ್ರ ಗರಸಿನ ಮೇಲೆ, ಅಂದರೆ ಸವೆದ ಬಂಡೆಯ ಹರಳುಮಣ್ಣಿನ ಮೇಲೆ, ಗರಗರನೆ ತಿರುಗಿ ನಿಂತಲ್ಲೇ ನಿಲ್ಲುತ್ತದೆ, ಹಿಂದೆ ಸರಿದರೆ ಮುಂದಿನ ಚಕ್ರ ಹೆದರಿದ ಕುದುರೆಯಂತೆ ಮೇಲೇಳುತ್ತದೆ. ಇವೆರಡರ ನಡುವೆ ದೇಹಕ್ಕಿರುವ ಜಾಗ ಒಂದು ಗೇಣು. ಟೈರಿನ ಗಾಳಿಯನ್ನು ಒಂದಿಷ್ಟು ಬಿಟ್ಟರೆ ಅದು ಕಲ್ಲಿನ ಮೇಲೆ ಅಗಲವಾಗಿ ಕುಳಿತು ಹಿಡಿತ ಕೊಡುತ್ತದೆ, ಅತಿಯಾಗಿ ಬಿಟ್ಟರೆ ರಿಮ್ಮು ಬಂಡೆಗೆ ಬಡಿದು ಟ್ಯೂಬಿನಲ್ಲಿ ಹಾವು ಕಚ್ಚಿದಂತೆ ಜೋಡಿ ತೂತು ಬೀಳುತ್ತದೆ.

ಇಳಿತದಲ್ಲಿ ಎಲ್ಲವೂ ತಿರುವುಮುರುವು. ಸೊಂಟ ಸೀಟಿನ ಹಿಂದಕ್ಕೆ ಹೋಗಬೇಕು, ಹಿಮ್ಮಡಿ ತಗ್ಗಬೇಕು, ಕಣ್ಣು ಚಕ್ರದ ಬುಡದಲ್ಲಿ ನೆಡದೆ ದಾರಿಯ ಮುಂದಿನ ತಿರುವಿನಲ್ಲಿರಬೇಕು. ಯಾವ ಕಲ್ಲನ್ನು ತಪ್ಪಿಸಬೇಕೆಂದು ದಿಟ್ಟಿಸುತ್ತಾರೋ ಅದರ ಮೇಲೆಯೇ ಸೈಕಲ್ಲು ಹೋಗುವುದು ಎಲ್ಲ ಸವಾರರ ಅನುಭವ. ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನ ಬ್ರೇಕಿನದೇ, ಆದರೆ ಅದನ್ನೇ ಗಬಕ್ಕನೆ ಹಿಡಿದವನು ಹ್ಯಾಂಡಲಿನ ಮೇಲಿಂದ ಹಾರುತ್ತಾನೆ. ಸೀಟು ಸಿಗದ ಎಳವೆಯಲ್ಲಿ ಅಪ್ಪನ ದೊಡ್ಡ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿತ ತಲೆಮಾರಿಗೆ, ಸೈಕಲ್ಲು ನಡೆಸಲು ಸೀಟಿನ ಮೇಲೆಯೇ ಕೂರಬೇಕಾಗಿಲ್ಲ ಎಂಬ ಈ ಪಾಠ ಹೊಸದೇನಲ್ಲ. ಹೊಸದೆಂದರೆ ಅದಕ್ಕೆ ತರಬೇತಿಯ ಶುಲ್ಕ ಕೊಡಬೇಕಾಗಿರುವುದು.

ದಾರಿಯ ಇಕ್ಕೆಲಗಳ ಕುರುಚಲಿನಲ್ಲಿ ಹೆಚ್ಚು ಕಾಣುವುದು ಕಾರ್ವಿ. ನೀಲಗಿರಿಯ ಕುರಿಂಜಿಯ ಕುಲಕ್ಕೆ ಸೇರಿದ ಈ ಗಿಡ ಎಂಟು ವರ್ಷಕ್ಕೊಮ್ಮೆ ಸಾಮೂಹಿಕವಾಗಿ ಹೂಬಿಡುತ್ತದೆ. 2016ರ ಬಳಿಕ ಸರದಿ ಬಂದದ್ದು 2024ರಲ್ಲಿ. ಇದರ ಕಡ್ಡಿಗಳನ್ನು ಸಾಲಾಗಿ ನಿಲ್ಲಿಸಿ ಸಗಣಿಮಣ್ಣು ಮೆತ್ತಿ ಆದಿವಾಸಿಗಳು ಮನೆಯ ಗೋಡೆ ಮಾಡುತ್ತಾರೆ. ಅದೇ ಕಡ್ಡಿ ಬೇಸಿಗೆಯಲ್ಲಿ ಒಣಗಿ, ಹಾಯುವ ಸವಾರನ ಮೊಣಕೈಯನ್ನು ಕೆರೆಯದೆ ಬಿಡುವುದಿಲ್ಲ. ಮಳೆಗಾಲದಲ್ಲಿ ಬಂಡೆಗೆ ಪಾಚಿ ಹತ್ತುತ್ತದೆ. ಚಳಿಗಾಲದಲ್ಲಿ ಒಣಗಿದ ಗರಸು ಚಕ್ರದಡಿ ಗೋಲಿಗಳಂತೆ ಉರುಳುತ್ತದೆ. ಠಾಣೆಯ ಯೇವೂರಿನ ಕಾಡಿನಲ್ಲಿ ಇನ್ನೊಂದು ಎಚ್ಚರವೂ ಬೇಕು: ಅದು ಸುಮಾರು 104 ಚದರ ಕಿಲೋಮೀಟರಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಭಾಗವಾಗಿದ್ದು ಚಿರತೆಗಳ ನೆಲೆಯಾದುದರಿಂದ, ಕಂಡ ಕಾಲುದಾರಿಗೆಲ್ಲ ಸೈಕಲ್ಲಿಳಿಸುವ ಹಕ್ಕು ಯಾರಿಗೂ ಇಲ್ಲ, ಇರಬಾರದು ಕೂಡ.

ಮಧ್ಯಾಹ್ನಕ್ಕೆ ಶಿಳಫಾಟಾದ ಟ್ರಾಫಿಕ್ಕಿನಲ್ಲಿ ಲಾರಿಗಳ ಮಧ್ಯೆ ಮರಳುವ ಸೈಕಲ್ಲಿನ ಮೇಲೆ ಬೆಟ್ಟದ ಮಣ್ಣು ಒಣಗಿ ಹೆಕ್ಕಳಿಕೆಯಾಗಿರುತ್ತದೆ. ಸೊಸೈಟಿಯ ನಲ್ಲಿಯಲ್ಲಿ ನೀರು ಬರುವ ಹೊತ್ತು ಸಂಜೆಯದಾದರೆ ಅಲ್ಲಿಯವರೆಗೆ ಅದನ್ನು ಲಿಫ್ಟಿನ ಪಕ್ಕದ ಗೋಡೆಗೆ ಒರಗಿಸಿಡುವುದು ವಾಡಿಕೆ. ನೀರು ಬಂದಾಗ ಅರ್ಧ ಬಕೆಟ್ಟಿನಲ್ಲಿ ಮೊದಲು ಚೈನು, ಆಮೇಲೆ ಚಕ್ರ, ಉಳಿದರೆ ಸವಾರನ ಬೂಟು.