ಅಜ್ಜನ ರಿವಾಲ್ವರ್ ನೋಡಲು ರಾಮದುರ್ಗಕ್ಕೆ

ಬೆಂಗಳೂರಿನ ಸ್ಲೀಪರ್ ಬಸ್ ನನ್ನನ್ನ ಕಿತ್ತೂರಿನಲ್ಲಿ ಇಳಿಸಿದಾಗ ಬೆಳಗಿನ ಏಳೂವರೆ. ಅಪ್ಪ ಬೈಲಹೊಂಗಲದಿಂದ ಬೈಕ್ ತಗೊಂಡು ಬಂದು ಚಹಾದಂಗಡಿ ಮುಂದೆ ಕೂತಿದ್ದ. ಕೈಯಲ್ಲೊಂದು ಪ್ಲಾಸ್ಟಿಕ್ ಫೈಲ್. ಅದರಲ್ಲಿ ಅಜ್ಜನ ಮರಣ ಪ್ರಮಾಣಪತ್ರ, ಗನ್ ಲೈಸೆನ್ಸಿನ ಪುಸ್ತಕ, ನಮ್ಮಿಬ್ಬರ ಆಧಾರ್ ಜೆರಾಕ್ಸ್.

"ಸರ್ಕಾರಕ್ಕ ಕೊಟ್ಟ ಬಿಡೋಣು ತಮ್ಮಾ. ಯಾಕ ಬೇಕ ಅದು?" ಅಂದ.

ನಾನು ಏನೂ ಹೇಳಲಿಲ್ಲ. ಅದನ್ನ ನನ್ನ ಹೆಸರಿಗೆ ಮಾಡಿಸ್ಕೋಬೇಕು ಅಂತಲೇ ಎರಡು ದಿನ ರಜೆ ಹಾಕಿ ಬಂದಿದ್ದೆ.

ಮೊದಲು ನನ್ನ ಹುಚ್ಚಿನ ಬಗ್ಗೆ ಸ್ವಲ್ಪ ಹೇಳಬೇಕು. ನಾಲ್ಕು ವರ್ಷದಿಂದ ಭಾನುವಾರ ಬೆಳಿಗ್ಗೆ ಒಂದು ಶೂಟಿಂಗ್ ರೇಂಜಿಗೆ ಹೋಗ್ತೀನಿ. .22 ಪಿಸ್ತೂಲು, 25 ಮೀಟರ್. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದದ್ದು ಇದೇ ಜಾತಿಯ ಗುಂಡಿನಿಂದ. ಗುರಿ ನನ್ನದು ಸಾಧಾರಣ. ನನಗೆ ಹೆಚ್ಚು ಇಷ್ಟ ಹಳೇ .22 ರಿವಾಲ್ವರುಗಳು. ಒಂದೊಂದು ಕಾರ್ಖಾನೆ ಒಂದೊಂದು ವಿಚಿತ್ರ ಮಾಡಿದೆ: ಒಂದಕ್ಕೆ ಒಂಬತ್ತು ಗುಂಡು, ಇನ್ನೊಂದಕ್ಕೆ ನಳಿಗೆ ಮೇಲಕ್ಕೆ ಮಡಚಿಕೊಳ್ಳೋ ಕೀಲು, ಮತ್ತೊಂದಕ್ಕೆ ಟ್ರಿಗರಿನ ಸುತ್ತ ಬಳೆಯೇ ಇಲ್ಲ. ಅಮೆರಿಕದಲ್ಲಿ ಜನ ಇಂಥವನ್ನು ಕಪಾಟುಗಟ್ಟಲೆ ಕೂಡಿಡ್ತಾರೆ, ರಜೆಯ ದಿನ ತೆಗೆದು ಹೊಡೀತಾರೆ. ನಮ್ಮಲ್ಲಿ 2019ರ ತಿದ್ದುಪಡಿ ಆದಮೇಲೆ ಸಾಮಾನ್ಯ ಲೈಸೆನ್ಸುದಾರರಿಗೆ ಎರಡೇ ಬಂದೂಕು. ನನ್ನ ಸಂಗ್ರಹ ಅಂದ್ರೆ ಫೋನಿನಲ್ಲಿರೋ ಒಂದು ಫೋಲ್ಡರ್, ಅಷ್ಟೇ.

ಆ ಫೋಲ್ಡರಿನಲ್ಲಿದ್ದ ಒಂದು ಚಿತ್ರ ಅಜ್ಜನ ರಿವಾಲ್ವರಿನದೇ ಮಾದರಿ ಅಂತ ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ.

ಮ್ಯೂಸಿಯಂ ಬಾಗಿಲು ತೆಗೆಯುವವರೆಗೆ ಕಿತ್ತೂರು ಕೋಟೆಯಲ್ಲಿ ತಿರುಗಿದೆವು. ಅರಮನೆಯ ಅರ್ಧ ಬಿದ್ದ ಗೋಡೆ, ಧ್ರುವ ನಕ್ಷತ್ರ ನೋಡಲು ಬಿಟ್ಟ ಕಿಂಡಿ, ಹುಲ್ಲಿನಲ್ಲಿ ರೀಲ್ಸ್ ಮಾಡ್ತಿದ್ದ ಕಾಲೇಜು ಹುಡುಗರು. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆ ಸತ್ತಿದ್ದು ಇಲ್ಲೇ. ಅಮಟೂರು ಬಾಳಪ್ಪನ ಗುಂಡು ಅಂತ ನಮ್ಮ ಕಡೆ ಮಕ್ಕಳೂ ಹೇಳ್ತಾರೆ. ನಾನು ಚಿಕ್ಕವನಿದ್ದಾಗ ಆ ಒಂದು ಗುಂಡಿನ ಬಗ್ಗೆ ಎಷ್ಟು ಕೇಳಿದ್ದೆನೋ, ಅದು ಎಷ್ಟು ಕಷ್ಟದ್ದು ಅಂತ ಮಾತ್ರ ಯೋಚಿಸಿರಲಿಲ್ಲ. ಆಗಿನ ಬಂದೂಕಿಗೆ ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜದಿಂದ ಜಡಿದು, ಕಿವಿಯ ಹತ್ತಿರ ಇನ್ನಷ್ಟು ಮದ್ದು ಇಡಬೇಕು. ಆಮೇಲೆ ಒಂದೇ ಏಟು. ತಪ್ಪಿದರೆ ಮತ್ತೆ ಮೊದಲಿಂದ.

ಒಂದೇ ಲೋಹದ ಕೊಳವೆಯೊಳಗೆ ಗುಂಡು, ಕಿಡಿ ಎರಡನ್ನೂ ಸೇರಿಸೋ ರಿಮ್‌ಫೈರ್ ಶುರುವಾದದ್ದು 1845ರ ಹೊತ್ತಿಗೆ ಫ್ರಾನ್ಸಿನ ಫ್ಲೊಬೇರ್ ಕೈಯಲ್ಲಿ. 1857ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಕಂಪನಿ ಅದಕ್ಕೆ ಏಳು ಗುಂಡಿನ ಪುಟ್ಟ ರಿವಾಲ್ವರ್ ಮಾಡಿತು. ಅದೇ 1857ರಲ್ಲಿ ನಮ್ಮ ಕಡೆ ಇಂಗ್ಲಿಷರು ಮನೆಮನೆಯ ಆಯುಧ ಕಿತ್ತುಕೊಳ್ಳೋ ಕಾನೂನು ತಂದಿದ್ದರು. ಹೈಸ್ಕೂಲಿನಲ್ಲಿ ಓದಿದ ಹಲಗಲಿ ಬೇಡರ ಲಾವಣಿ ನೆನಪಿದೆಯಲ್ಲ? ಅದೇ.

ಬೈಲಹೊಂಗಲದಲ್ಲಿ ಮನೆಗೆ ಹೋಗಿ ಸ್ನಾನ, ರೊಟ್ಟಿ. ಅವ್ವ ರಿವಾಲ್ವರ್ ಸುದ್ದಿಯನ್ನೇ ಎತ್ತಲಿಲ್ಲ. ಚೆನ್ನಮ್ಮನ ಸಮಾಧಿ ದಾಟಿ, ಹತ್ತಿ ಮಾರುಕಟ್ಟೆ ದಾಟಿ ಸವದತ್ತಿ ದಾರಿ ಹಿಡಿದೆವು. ಅಜ್ಜನ ದಾರಿಯೂ ಇದೇ. ಅವನು ಹತ್ತಿ ದಲಾಲಿ ಮಾಡ್ತಿದ್ದ. ಬೈಲಹೊಂಗಲದಲ್ಲಿ ಹತ್ತಿ ಮಾರಿ, ರೈತರ ರೊಕ್ಕ ಚೀಲದಲ್ಲಿಟ್ಟುಕೊಂಡು ರಾಮದುರ್ಗದ ಕಡೆ ಊರಿಗೆ ರಾತ್ರಿ ಹೋಗ್ತಿದ್ದನಂತೆ. ಅದಕ್ಕೇ ಲೈಸೆನ್ಸ್ ಸಿಕ್ಕಿದ್ದು. ರಿವಾಲ್ವರನ್ನು ಒಬ್ಬ ಸಾಹುಕಾರರಿಂದ ಸೆಕೆಂಡ್ ಹ್ಯಾಂಡ್ ತಗೊಂಡಿದ್ದ.

ಐವರ್ ಜಾನ್ಸನ್ ಅನ್ನೋ ಅಮೆರಿಕನ್ ಕಂಪನಿಯದು. ಏಳು ಗುಂಡು, ಮೂರಿಂಚಿನ ನಳಿಗೆ. ಮೇಲಿನ ಚಿಲಕ ಎತ್ತಿದರೆ ಬಾಗಿಲಿನಂತೆ ಮುರಿದು ಬಗ್ಗುತ್ತೆ, ಖಾಲಿ ತೋಟಾಗಳು ತಾವೇ ಹೊರಗೆ ಬರ್ತವೆ. ಇದರ ವಿಶೇಷ ಒಳಗಿದೆ. ಆ ಕಾಲದ ರಿವಾಲ್ವರುಗಳು ಕೈಜಾರಿ ಬಿದ್ದರೆ ಹಾರಿಬಿಡ್ತಿದ್ದವು. ಐವರ್ ಜಾನ್ಸನ್ 1890ರ ದಶಕದಲ್ಲಿ ಹ್ಯಾಮರಿಗೂ ಒಳಗಿನ ಪಿನ್ನಿಗೂ ನಡುವೆ ಒಂದು ಸಣ್ಣ ಪಟ್ಟಿ ಇಟ್ಟಿತು. ಟ್ರಿಗರನ್ನು ಪೂರ್ತಿ ಒತ್ತಿದಾಗ ಮಾತ್ರ ಆ ಪಟ್ಟಿ ಮೇಲೆದ್ದು ಏಟನ್ನು ದಾಟಿಸುತ್ತೆ, ಇಲ್ಲದಿದ್ದರೆ ಹ್ಯಾಮರ್ ಪಿನ್ನಿಗೆ ತಾಗೋದೇ ಇಲ್ಲ. ಹ್ಯಾಮರಿಗೆ ಸುತ್ತಿಗೆಯಿಂದ ಬೇಕಾದರೂ ಹೊಡೆಯಿರಿ ಅಂತ ಜಾಹೀರಾತು ಕೊಡ್ತಿದ್ದರು. ಅಂದ್ರೆ ಈ ರಿವಾಲ್ವರ್ ತಪ್ಪಿ ಹಾರೋದಿಲ್ಲ. ಹಾರಬೇಕಾದರೆ ಯಾರೋ ಬೇಕಂತಲೇ ಒತ್ತಬೇಕು. ಆವತ್ತು ಬೈಕಿನಲ್ಲಿ ಕೂತು ಅಪ್ಪನಿಗೆ ಇದನ್ನ ಉತ್ಸಾಹದಿಂದ ವಿವರಿಸಿದೆ. ಅಪ್ಪ ಹೂಂ ಅನ್ನಲಿಲ್ಲ. ಗಾಳಿಗೆ ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ.

ಇನ್ನೊಂದು ವಿಶೇಷ, ಹಿಡಿಯ ಎರಡೂ ಬದಿ ಗೂಬೆಯ ತಲೆ. ಅದು ಆ ಕಂಪನಿಯ ಗುರುತು. ಅಮೆರಿಕದಲ್ಲಿ ಗೂಬೆ ಅಂದ್ರೆ ಬುದ್ಧಿವಂತ. ನಮ್ಮ ಅಜ್ಜಿಗೆ ಅದೆಲ್ಲ ಹೇಳೋರು ಯಾರು? "ಗೂಬಿ ಮನ್ಯಾಗ ಬ್ಯಾಡ" ಅಂತ ಎರಡು ದಿನ ಒಲೆ ಹಚ್ಚಲಿಲ್ಲವಂತೆ. ಕೊನೆಗೆ ತನ್ನ ಇಳಕಲ್ ಸೀರೆಯ ಒಂದು ತುಂಡು ಹರಿದು ಹಿಡಿಗೆ ಸುತ್ತಿ ಕೊಟ್ಟಳು. ಗೂಬೆಗೆ ಸೆರಗು!

ಸವದತ್ತಿಯಲ್ಲಿ ಊರ ನಡುವಿನ ಕೋಟೆ ಹೊರಗಿಂದಲೇ ನೋಡಿದೆವು. ಗುಡ್ಡಕ್ಕೆ ಹೋಗೋ ಗಾಡಿಗಳ ಸಾಲು, ಭಂಡಾರದ ಅಂಗಡಿಗಳು. ಒಂದು ಕಡೆ ಗಿರಮಿಟ್, ಮಿರ್ಚಿ ತಿಂದೆವು. ಹೆಂಡತಿಯ ಮೆಸೇಜ್ ಬಂತು: "ತಂದರೆ ಮನೇಲಿ ಎಲ್ಲಿಡ್ತೀರಾ? ಪಾಪು ಈಗ ಎಲ್ಲ ಡ್ರಾಯರ್ ಎಳೀತಾಳೆ." ಲಾಕರ್ ಲಿಂಕ್ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ರಾಮದುರ್ಗಕ್ಕೆ ಹೋಗುವಾಗ ಸುರೇಬಾನಕ್ಕೆ ತಿರುಗಿಸು ಅಂತ ಹಟ ಮಾಡಿದ್ದು ನಾನೇ. ಜನ ಅಲ್ಲಿಗೆ ಶಬರಿಕೊಳ್ಳಕ್ಕೆ ಹೋಗ್ತಾರೆ. ನನಗೆ ಬೇಕಾಗಿದ್ದು 1858ರ ಮೇ 29ರ ರಾತ್ರಿ. ನರಗುಂದದ ಬಾಬಾಸಾಹೇಬ ಮತ್ತು ರಾಮದುರ್ಗದ ದೊರೆ ಇಬ್ಬರೂ ಮಲತಾಯಿ ಮಕ್ಕಳು. ಬಾಬಾಸಾಹೇಬ ಬಂಡಾಯಕ್ಕೆ ಬಾ ಅಂತ ಬರೆದ ಪತ್ರಗಳನ್ನು ರಾಮದುರ್ಗದವನು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನಿಗೆ ತೋರಿಸಿಬಿಟ್ಟ. ಮ್ಯಾನ್ಸನ್ ರಾಮದುರ್ಗದಿಂದ ನರಗುಂದಕ್ಕೆ ಹೊರಟು ರಾತ್ರಿ ಸುರೇಬಾನದಲ್ಲಿ ತಂಗಿದ. ಬಾಬಾಸಾಹೇಬನ ಜನ ಮುತ್ತಿದಾಗ ನಿದ್ದೆಯಿಂದೆದ್ದು ರಿವಾಲ್ವರಿನಿಂದ ಒಬ್ಬನನ್ನು ಗಾಯ ಮಾಡಿದ. ಅಷ್ಟೇ. ತಲೆ ನರಗುಂದದ ಬಾಗಿಲಿಗೆ ಹೋಯಿತು. ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನಿಗೆ ಗಲ್ಲು.

ಈ ನಾಲ್ಕು ಊರುಗಳ ಇತಿಹಾಸದಲ್ಲಿ ರಿವಾಲ್ವರ್ ಸದ್ದು ಮಾಡಿದ್ದು ನನಗೆ ಗೊತ್ತಿರುವಂತೆ ಇಲ್ಲೊಂದೇ ಕಡೆ. ನೋಡಲು ಅಲ್ಲೇನಿದೆ ಅಂದ್ರೆ, ಜೋಳದ ಹೊಲ, ಬೇವಿನ ಮರ, ಸೈಕಲ್ ಮೇಲೆ ಹಾಲಿನ ಕ್ಯಾನ್ ಒಯ್ಯೋ ಹುಡುಗ. "ಅಣ್ಣತಮ್ಮರ ಜಗಳ" ಅಂದ ಅಪ್ಪ, ಬೈಕ್ ಕಿಕ್ ಹೊಡೆಯುತ್ತ.

ಠಾಣೆಯಲ್ಲಿ ರೈಟರ್ ನಮಗೆ ಕುರ್ಚಿ ಹಾಕಿಸಿದರು. ಅಜ್ಜನ ಪರಿಚಯ ಅವರಿಗಿತ್ತು. ಪ್ರತಿ ಚುನಾವಣೆಗೆ ಎಲ್ಲರಿಗಿಂತ ಮೊದಲು ಬಂದು ರಿವಾಲ್ವರ್ ಜಮಾ ಮಾಡ್ತಿದ್ದವನು, ಫಲಿತಾಂಶ ಬಂದು ತಿಂಗಳಾದರೂ ವಾಪಸ್ ಒಯ್ಯೋಕೆ ಬರ್ತಿರಲಿಲ್ಲವಂತೆ. "ನಾವ ಫೋನ್ ಮಾಡಿ ಕರೀಬೇಕಿತ್ರಿ ಯಜಮಾನರನ್ನ."

ನಂಬರ್ ತಾಳೆ ನೋಡಲು ಪೊಟ್ಟಣ ಬಿಚ್ಚಿದರು. ಸೀರೆಯ ತುಂಡು ಬಣ್ಣ ಹೋಗಿ ಕಂದಾಗಿತ್ತು. ಕೆಳಗೆ ಗೂಬೆ, ಎರಡು ಗುಂಡು ಕಣ್ಣು. ನಿಕಲ್ ಅಲ್ಲಲ್ಲಿ ಎದ್ದಿದ್ದರೂ ಚಿಲಕ ಬಿಗಿಯಾಗಿತ್ತು. ಜೊತೆಗೆ ಬೆಂಕಿಪೆಟ್ಟಿಗೆಯಲ್ಲಿ ಏಳು ಕಾರ್ತೂಸು. ರೈಟರ್ ಒಂದೊಂದಾಗಿ ಮೇಜಿನ ಮೇಲೆ ನಿಲ್ಲಿಸಿದರು. ಏಳನೆಯದರ ಬುಡದ ಅಂಚಿನಲ್ಲಿ ಒಂದು ಕಚ್ಚು.

ರಿಮ್‌ಫೈರಿನಲ್ಲಿ ಕಿಡಿಯ ಮದ್ದು ಇರೋದು ನಡುವಿನಲ್ಲಲ್ಲ, ಅಂಚಿನ ಒಳಮಡಿಕೆಯಲ್ಲಿ. ಪಿನ್ ಅಂಚನ್ನು ಜಜ್ಜಿದಾಗ ಹೊತ್ತಿಕೊಳ್ಳುತ್ತೆ. ಮಡಿಕೆಯಲ್ಲಿ ಎಲ್ಲೋ ಒಂದು ಕಡೆ ಮದ್ದು ತಲುಪಿರದಿದ್ದರೆ, ಪಿನ್ ಅಲ್ಲೇ ಬಿದ್ದರೆ, ಬರೀ ಟಕ್. ರೇಂಜಿನಲ್ಲಿ ನಮಗೂ ಆಗುತ್ತೆ. ಗುರಿಯ ಕಡೆಗೇ ಹಿಡಿದು ಮೂವತ್ತು ಸೆಕೆಂಡ್ ಕಾಯಬೇಕು, ತಡವಾಗಿ ಹಾರಬಹುದು ಅಂತ ಕೋಚ್ ಮೊದಲ ದಿನವೇ ಹೇಳಿಕೊಟ್ಟಿದ್ದರು.

"ಅಪ್ಪಾ, ಇದನ್ನ ಯಾರೋ ಹೊಡೆದಾರ" ಅಂದೆ.

ಅಪ್ಪ ಹೊರಗೆ ಎದ್ದು ಹೋದ. ಹಿಂದೆ ಹೋದೆ. ಬೇವಿನ ಮರದ ಕೆಳಗೆ ನಿಂತು ಹೇಳಿದ. 1978ರ ಮಳೆಗಾಲ, ಅಪ್ಪನಿಗೆ ಹದಿನಾಲ್ಕು. ಹೊಲದ ಬದು ಒತ್ತಿದ ಜಗಳ. ಎದುರಿಗೆ ನಿಂತವನು ಅಜ್ಜನ ಸ್ವಂತ ತಮ್ಮ, ನಮ್ಮ ಸಣ್ಣಜ್ಜ, ಕೈಯಲ್ಲಿ ಸಲಿಕೆ. ಅಜ್ಜ ಸೊಂಟದಿಂದ ತೆಗೆದು ಒತ್ತೇಬಿಟ್ಟ. ಟಕ್ ಅಂತು.

"ಆಮ್ಯಾಲ?"

"ಇಬ್ಬರೂ ಹಂಗ ನಿಂತರು. ಯಾರೂ ಓಡಲಿಲ್ಲ. ನಾ ಅತ್ತೆ ಅಂತ ಕಾಣ್ತದ. ಅವರಿಬ್ಬರೂ ನನ್ನ ಕಡೆ ನೋಡಿದರು."

ಒಳಗೆ ಬಂದು ಲೈಸೆನ್ಸ್ ಪುಸ್ತಕ ತಿರುವಿದೆ. ಕಾರ್ತೂಸು ಖರೀದಿಯ ಪುಟದಲ್ಲಿ 1977ರ ನಂತರ ಒಂದು ನಮೂದೂ ಇಲ್ಲ. ಒಂದು ಗುಂಡು ಕೈಕೊಟ್ಟರೆ ಟ್ರಿಗರ್ ಇನ್ನೊಮ್ಮೆ ಒತ್ತಿದರಾಯಿತು, ಮುಂದಿನದು ತಾನೇ ಬಂದು ನಿಲ್ಲುತ್ತೆ. ರಿವಾಲ್ವರಿನ ಹೆಚ್ಚುಗಾರಿಕೆಯೇ ಅದು, ಅದನ್ನ ನಾನೇ ಎಷ್ಟು ಜನರಿಗೆ ಹೇಳಿದ್ದೀನೋ. ಅಂಚು ಚೊಕ್ಕಟವಾಗಿದ್ದ ಆರು ಕಾರ್ತೂಸು ಮೇಜಿನ ಮೇಲೆ ಸಾಲಾಗಿ ನಿಂತಿದ್ದವು.

ಫೋಲ್ಡರಿನಲ್ಲಿರೋ ಎಲ್ಲ ಚಿತ್ರಗಳಿಗಿಂತ ಅದು ಚೆನ್ನಾಗಿತ್ತು, ಅದೂ ನಿಜ. ಐದು ನಿಮಿಷ ಕೈಯಲ್ಲಿ ಹಿಡಿದುಕೊಂಡೆ. ಖಾಲಿ ಟ್ರಿಗರ್ ಒತ್ತಲಿಲ್ಲ. ರಿಮ್‌ಫೈರಿನಲ್ಲಿ ಹಾಗೆ ಒತ್ತಿದರೆ ಪಿನ್ ಹೋಗಿ ಗುಂಡಿನ ಕೋಣೆಯ ಅಂಚಿಗೇ ಬಡಿಯೋ ಭಯ. ಆಮೇಲೆ ರೈಟರನ್ನ ಕೇಳಿದೆ, "ಸರ್, ಸರೆಂಡರ್ ಮಾಡೋದಾದರೆ ಅರ್ಜಿ ಹೆಂಗ ಬರೀಬೇಕ್ರಿ?"

ಅಪ್ಪ ನನ್ನ ಮುಖ ನೋಡಿದ. ಪೆನ್ನು ತೆಗೆದು ಕೊಟ್ಟ.

ಅರ್ಜಿ ಬರೆದು, ಇಬ್ಬರೂ ಸಹಿ ಮಾಡಿದೆವು. ಕಾರ್ತೂಸು ಎಷ್ಟು ಅಂತ ಬರೆಯೋಣ ಅಂದರು. ಏಳು ಅಂದೆ. "ಇದೊಂದು ಕೆಟ್ಟದ್ದಲ್ಲರಿ?" "ಇರಲಿ ಸರ್, ಏಳಂತಲೇ ಬರೀರಿ." ಬರೆದರು. ಸೀರೆಯ ತುಂಡನ್ನು ಮಾತ್ರ ಬದಿಗಿಟ್ಟರು. "ಇದು ಲಿಸ್ಟ್‌ನ್ಯಾಗ ಇಲ್ರಿ, ನೀವ ಒಯ್ರಿ."

ಹೊರಗೆ ಬಂದಾಗ ಬೇವಿನ ಮರದ ಹಕ್ಕಿಗಳು ಬೈಕ್ ಸೀಟನ್ನು ಹಾಳು ಮಾಡಿದ್ದವು. ಅಪ್ಪ ನನ್ನ ಕೈಯಿಂದ ಆ ತುಂಡು ತಗೊಂಡು ಸೀಟು ಒರೆಸಿದ, ಕೊಡವಿದ, ನಾಲ್ಕಾಗಿ ಮಡಚಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡ.

"ಕೂಡು. ಸಣ್ಣಜ್ಜನ ಮನಿಗೆ ಹೋಗಿ ಚಾ ಕುಡದ ಹೋಗೂಣು."