ಹೆಸರೆಂಬ ಮರೆ

ಮಗುವಿಗೆ ಹೆಸರಿಡುವುದೆಂದರೆ ಅದಕ್ಕೆ ಒಳಿತನ್ನು ಹಾರೈಸುವುದು ಎಂಬ ತಿಳಿವಳಿಕೆ ಎಲ್ಲೆಡೆಯೂ ಇದೆ. ಆಯುಷ್ಯ, ಐಶ್ವರ್ಯ, ವಿದ್ಯೆ, ದೈವಕೃಪೆ ಇವುಗಳಲ್ಲಿ ಒಂದನ್ನಾದರೂ ಹೆಸರಿನ ಮೂಲಕ ಕೂಸಿನ ಮೇಲೆ ಹೊದಿಸಬೇಕೆಂಬುದು ಹೆತ್ತವರ ಬಯಕೆ. ಈ ಮಾತು ಪೂರ್ಣ ನಿಜವಾಗಿದ್ದರೆ ತಿಪ್ಪಣ್ಣ, ತಿಪ್ಪವ್ವ, ಕಲ್ಲಪ್ಪ, ಗುಂಡಪ್ಪ, ಹುಚ್ಚಪ್ಪ, ತಿರಕಪ್ಪ, ಅಡಿವೆಪ್ಪ ಮೊದಲಾದ ಹೆಸರುಗಳನ್ನು ಎಲ್ಲಿಡಬೇಕು? ತಿಪ್ಪೆ, ಕಲ್ಲು, ಹುಚ್ಚು, ತಿರುಪೆ, ಅಡವಿ ಇವು ಯಾವ ತಾಯಿಯ ಹಾರೈಕೆಯ ನುಡಿಗಳು? ಕನ್ನಡ ನಾಡಿನ ಹಳ್ಳಿಗಳಲ್ಲಿ ವಯಸ್ಸಾದವರ ನಡುವೆ ಇಂಥ ಹೆಸರುಗಳು ಇಂದಿಗೂ ಸಿಗುತ್ತವೆ. ಪೇಟೆಯ ವಿದ್ಯಾವಂತರು ಇವನ್ನು ಹಳ್ಳಿಗರ ಒರಟುತನವೆಂದು ಬಗೆದು ನಕ್ಕದ್ದೂ ಉಂಟು. ಆದರೆ ಈ ಹೆಸರುಗಳ ಹುಟ್ಟನ್ನು ಬಲ್ಲವರಿಗೆ ಇಲ್ಲಿ ನಗುವಂಥದೇನೂ ಕಾಣುವುದಿಲ್ಲ.

ಹುಟ್ಟಿದ ಮಕ್ಕಳು ಒಂದರ ಹಿಂದೊಂದು ಮಣ್ಣಾದ ಮನೆಯಲ್ಲಿ ಮತ್ತೊಂದು ಕೂಸು ಹುಟ್ಟುತ್ತದೆ. ಅದನ್ನು ತೊಟ್ಟಿಲಿಗಿಂತ ಮೊದಲು ತಿಪ್ಪೆಯ ಬಳಿಗೆ ಒಯ್ಯುತ್ತಾರೆ. ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಮಲಗಿಸಿ, ನೆರೆಮನೆಯವಳಿಂದ ಎತ್ತಿಸಿ, ಹಿಡಿ ತವುಡನ್ನೋ ಒಂದು ಕಾಸನ್ನೋ ಕೊಟ್ಟು ಅವಳಿಂದ ಅದನ್ನು ಕೊಂಡುಕೊಳ್ಳುತ್ತಾರೆ. ಇದು ಹೆತ್ತ ಮಗುವಲ್ಲ, ಎತ್ತಿ ತಂದದ್ದು. ಬಯಸಿ ಪಡೆದದ್ದಲ್ಲ, ಬಿಸುಟಿದ್ದನ್ನು ಆಯ್ದದ್ದು ಎಂದು ಸಾವಿಗೆ ತೋರಿಸುವ ಪುಟ್ಟ ನಾಟಕವಿದು. ನಾಟಕ ಒಂದು ದಿನಕ್ಕೆ ಮುಗಿಯುತ್ತದೆ. ಅದನ್ನು ದಿನದಿನವೂ ಮುಂದುವರಿಸುವ ಹೊಣೆ ಹೆಸರಿನದು. ಅಂಗಳದಲ್ಲಿ ನಿಂತು 'ತಿಪ್ಪಾ' ಎಂದು ಕೂಗುವ ತಾಯಿ ಮಗನನ್ನು ಕರೆಯುತ್ತಿರುತ್ತಾಳೆ, ನಿಜ. ಆದರೆ ಅವಳ ಕೂಗು ಮುಖ್ಯವಾಗಿ ಕೇಳಿಸಬೇಕಾದದ್ದು ಬೇಲಿಯಾಚೆ ಹೊಂಚುಹಾಕಿರುವ ಮತ್ತೊಬ್ಬನಿಗೆ. ಹೆಸರು ಇಲ್ಲಿ ಮಗುವಿನ ಗುರುತಲ್ಲ, ಮಗುವಿಗೆ ಕಟ್ಟಿದ ಮರೆ.

ಎಲ್ಲ ತಿಪ್ಪೇಸ್ವಾಮಿಗಳನ್ನೂ ಈ ಲೆಕ್ಕಕ್ಕೆ ಸೇರಿಸಲಾಗದು. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಒಕ್ಕಲುಗಳಿಗೆ ಅದು ಮನೆದೇವರ ಹೆಸರು; ಕಲ್ಲೇಶ್ವರನ ಭಕ್ತರ ಮನೆಯ ಕಲ್ಲಪ್ಪನಿಗೂ ಕಲ್ಲಿನ ಮರೆ ಬೇಕಿರಲಿಲ್ಲ. ಭಯದಿಂದ ಹುಟ್ಟಿದ ಹೆಸರು ಭಕ್ತಿಯ ಹೆಸರಿನೊಡನೆ, ಅಜ್ಜನ ಹೆಸರಿನೊಡನೆ ಬೆರೆತುಹೋಗುತ್ತದೆ. ಮೊದಲ ತಿಪ್ಪಣ್ಣನನ್ನು ಸಾವಿನಿಂದ ಬಚ್ಚಿಟ್ಟಿದ್ದರೆ, ಅವನ ಮೊಮ್ಮಗ ತಿಪ್ಪಣ್ಣ ಬರಿಯ ಅಜ್ಜನ ನೆನಪು. ಹೆಸರಿನ ಅರ್ಥವನ್ನು ನಿಘಂಟಿನಲ್ಲಿ ಮಾತ್ರ ಹುಡುಕುವವರು ಈ ತಲೆಮಾರುಗಳ ಅಂತರವನ್ನು ಮರೆಯುತ್ತಾರೆ.

ಮುಂಬಯಿ, ಪುಣೆಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಬಗೆಯ ಹೆಸರುಗಳನ್ನು ಹುಡುಕಿಕೊಂಡು ಊರಿಗೆ ಹೋಗಬೇಕಾದ ಅಗತ್ಯವಿಲ್ಲ. ಮರಾಠಿಯ ಧೋಂಡು, ದಗಡು ಎರಡೂ ಕಲ್ಲುಗಳೇ. ಕೇರಬಾ, ಕೇರೂ ಎಂದರೆ ಕಸ. ಅಧಿಕಮಾಸಕ್ಕೆ ಮರಾಠಿಯಲ್ಲಿ ಧೋಂಡೆಯ ತಿಂಗಳೆಂಬ ಹೆಸರಿರುವುದರಿಂದ ಆ ತಿಂಗಳಲ್ಲಿ ಹುಟ್ಟಿದವರೂ ಧೋಂಡೋ ಆಗುವುದುಂಟು. 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಮಹರ್ಷಿ ಕರ್ವೆಯವರು ಧೋಂಡೋ ಕೇಶವ. ಲೋಕಮಾನ್ಯ ತಿಲಕರಿಗೆ ಗಣಿತ ಕಲಿಸಿದ ಛತ್ರೆಯವರು ಕೇರೋ ಲಕ್ಷ್ಮಣ. ಕಲ್ಲಿನ ಹೆಸರೂ ಕಸದ ಹೆಸರೂ ಬಡವರ ಕೇರಿಯಲ್ಲಿ ಮಾತ್ರ ಇದ್ದವೆಂಬ ಊಹೆಗೆ ಇಷ್ಟು ಉತ್ತರ ಸಾಕು. ಮಕ್ಕಳ ಸಾವು ಜಾತಿಯನ್ನು ಕೇಳಿ ಬರುತ್ತಿರಲಿಲ್ಲ. ತಮಿಳಿನ ಕುಪ್ಪುಸ್ವಾಮಿ, ಕುಪ್ಪಮ್ಮಾಳ್ ಹೆಸರುಗಳ ಒಳಗೂ ಕುಪ್ಪೆಯ ಕಸವೇ ಇದೆ. ತಮಿಳು ಹೊಸಗವಿತೆಯ ಹಿರಿಯರಾದ ನ. ಪಿಚ್ಚಮೂರ್ತಿಯವರ ಮೊದಲ ಹೆಸರು ವೆಂಕಟ ಮಹಾಲಿಂಗಂ. 'ಪಿಚ್ಚೈ' ಎಂದರೆ ಭಿಕ್ಷೆ. ತೆಲಂಗಾಣದ ಭಿಕ್ಷಪತಿ, ಪೆಂಟಯ್ಯ ಇವರೂ ಭಿಕ್ಷೆ, ತಿಪ್ಪೆಗಳ ಮಕ್ಕಳು. ಉತ್ತರ ಕರಾವಳಿ ಆಂಧ್ರದ ತವಿಟಯ್ಯನ ಹೆಸರಿನಲ್ಲಿ ಅವನನ್ನು ಕೊಂಡ ತವುಡು ಹಾಗೆಯೇ ಉಳಿದಿದೆ. ಬಂಗಾಳದಲ್ಲಿ ಕ್ರಯವನ್ನು ಕವಡೆಗಳಲ್ಲಿ ಎಣಿಸಿದರು: ತಿನ್‌ಕಡಿ ಮೂರು ಕವಡೆ, ಪಾಂಚ್‌ಕಡಿ ಐದು. ಗಿರೀಶಚಂದ್ರ ಘೋಷರ ಮ್ಯಾಕ್‌ಬೆತ್ ರೂಪಾಂತರ 1893ರಲ್ಲಿ ರಂಗವೇರಿದಾಗ ಲೇಡಿ ಮ್ಯಾಕ್‌ಬೆತ್ ಆದವಳು ತಿನ್‌ಕಡಿ ದಾಸಿ.

ಇದನ್ನು ಭಾರತೀಯ ವೈಶಿಷ್ಟ್ಯವೆಂದು ಬೀಗುವಂತಿಲ್ಲ. ಮಂಗೋಲಿಯದಲ್ಲಿ 'ನೆರ್‌ಗುಯಿ' ಎಂದರೆ ಹೆಸರಿಲ್ಲದವನು, 'ಎನೆಬಿಶ್' ಎಂದರೆ ಇದಲ್ಲ, 'ಖುನ್‌ಬಿಶ್' ಎಂದರೆ ಮನುಷ್ಯನೇ ಅಲ್ಲ. ಮೃತ್ಯು ಬಂದು ಇವನು ಯಾರೆಂದು ವಿಚಾರಿಸಿದರೆ ಕೊಡಬೇಕಾದ ಉತ್ತರವನ್ನೇ ಹೆಸರಾಗಿಸಿದ್ದಾರೆ. ಯಿದ್ದಿಷ್ ಆಡುವ ಯಹೂದಿಗಳು ರೋಗಿಷ್ಠ ಕೂಸನ್ನು 'ಆಲ್ಟರ್', ಅಂದರೆ ಮುದುಕ, ಎಂದು ಕರೆದರು. ಎಳೆಯ ಜೀವವನ್ನು ಅರಸಿ ಬಂದ ಸಾವಿನ ದೂತ ಮುದುಕನೊಬ್ಬನ ಹೆಸರನ್ನು ಕೇಳಿ ಹಿಂದಿರುಗಲಿ ಎಂಬುದು ಅವರ ಉಪಾಯ. ಉತ್ತರ ಕರ್ನಾಟಕದ ಮುದುಕಪ್ಪ, ಮುದುಕವ್ವರನ್ನು ಬಲ್ಲವರಿಗೆ ಪೂರ್ವ ಯೂರೋಪಿನ ಆಲ್ಟರ್ ತೀರ ಅಪರಿಚಿತನಾಗಿ ಕಾಣಲಾರ.

ಆದರೆ ಪಶ್ಚಿಮ ಆಫ್ರಿಕದ ಯೊರುಬಾ ಜನರಲ್ಲಿ ಈ ಹೆಸರುಗಳು ಬೇರೆಯೇ ದಾರಿ ಹಿಡಿಯುತ್ತವೆ. ಅವರ ನಂಬಿಕೆಯಂತೆ ಒಂದೇ ತಾಯಿಯಲ್ಲಿ ಹುಟ್ಟಿ ಸತ್ತ ಮಕ್ಕಳು ಹಲವರಲ್ಲ, ಒಬ್ಬನೇ. ಬಂದು ಬಂದು ಹೋಗುವ ಆ ಮಗುವಿಗೆ 'ಅಬಿಕು' ಎಂದು ಹೆಸರು. ವೋಲೆ ಸೊಯಿಂಕಾ, ಜೆ. ಪಿ. ಕ್ಲಾರ್ಕ್ ಇಬ್ಬರೂ ಇದೇ ಶೀರ್ಷಿಕೆಯಲ್ಲಿ ಕವಿತೆ ಬರೆದಿದ್ದಾರೆ. ಕನ್ನಡದ ತಾಯಿ ಸಾವನ್ನು ವಂಚಿಸಲು ನೋಡಿದರೆ ಯೊರುಬಾ ತಾಯಿ ಮಗುವನ್ನೇ ಅಂಗಲಾಚುತ್ತಾಳೆ. 'ಮಲೋಮೊ' ಎಂದರೆ ಇನ್ನು ಹೋಗಬೇಡ. 'ಬಂಜೋಕೊ' ಎಂದರೆ ನನ್ನೊಡನೆ ಕುಳಿತಿರು. ಅಂಗಲಾಚಿ ದಣಿದ ಮೇಲೆ ಬೆದರಿಕೆಯೂ ಬರುತ್ತದೆ. 'ಅಕಿಸತನ್' ಎಂದರೆ ಹೂಳಲು ಸುತ್ತುವ ಹರಕುಬಟ್ಟೆ ಮುಗಿದಿದೆ. 'ಕೊಸೊಕೊ' ಎಂದರೆ ಗುಳಿ ತೋಡಲು ಗುದ್ದಲಿಯಿಲ್ಲ. ಈ ಕೊನೆಯ ಹೆಸರನ್ನು ಹೊತ್ತವನೊಬ್ಬ 1845ರಿಂದ 1851ರ ವರೆಗೆ ಲಾಗೋಸಿನ ದೊರೆಯಾಗಿದ್ದ. ನೆರೆಯ ಇಗ್ಬೊ ಜನರಲ್ಲಿಯೂ ಇದೇ ನಂಬಿಕೆ ಇದೆ. ಚಿನುವ ಅಚಿಬೆಯ 1958ರ ಕಾದಂಬರಿ 'ಥಿಂಗ್ಸ್ ಫಾಲ್ ಅಪಾರ್ಟ್'ನಲ್ಲಿ ಹತ್ತು ಹೆತ್ತು ಒಂಬತ್ತನ್ನು ಕಳೆದುಕೊಂಡ ಎಕ್ವೆಫಿ ಒಂದು ಮಗುವಿನ ಹೆಸರಿನಲ್ಲಿ ಸಾವನ್ನು ಬೇಡುತ್ತಾಳೆ, ಇನ್ನೊಂದರಲ್ಲಿ ಹೀಗೆ ಮತ್ತೆ ಆಗದಿರಲಿ ಎನ್ನುತ್ತಾಳೆ, ಮತ್ತೊಂದರಲ್ಲಿ ಸಾವು ತನ್ನಿಷ್ಟದಂತೆ ಮಾಡಲಿ ಎಂದು ಸೆಟೆದು ನಿಲ್ಲುತ್ತಾಳೆ. ಮೂರು ಹೆಸರುಗಳಲ್ಲಿ ಒಬ್ಬ ತಾಯಿಯ ಇಡೀ ಚರಿತ್ರೆ ಅಡಗಿದೆ.

ಹೆಸರಿನ ಮರೆ ಎಲ್ಲ ಸಲವೂ ಕಾಯಲಿಲ್ಲ. ಐತರೇಯ ಬ್ರಾಹ್ಮಣದ ಏಳನೆಯ ಪಂಚಿಕೆಯಲ್ಲಿ ಬರುವ ಅಜೀಗರ್ತನ ಮೂವರು ಮಕ್ಕಳು ಶುನಃಪುಚ್ಛ, ಶುನಃಶೇಪ, ಶುನೋಲಾಂಗೂಲ. ಮೂವರ ಹೆಸರಿನ ಅರ್ಥವೂ ಹೆಚ್ಚುಕಡಿಮೆ ನಾಯಿಯ ಬಾಲವೇ. ಋಷಿಯೊಬ್ಬ ತನ್ನ ಮಕ್ಕಳಿಗೆ ಇಂಥ ಹೆಸರಿಡಲು ತಿಪ್ಪಣ್ಣನ ತಾಯಿಯ ಕಾರಣವೇ ಇದ್ದಿರಬಹುದೆಂದು ಊಹಿಸಲು ಅಡ್ಡಿಯಿಲ್ಲ. ರಾಘವಾಂಕನ ಹರಿಶ್ಚಂದ್ರನನ್ನು ಬಲ್ಲ ಕನ್ನಡಿಗರಿಗೆ ಇಲ್ಲಿಯ ಹರಿಶ್ಚಂದ್ರ ಬೇರೆಯವನಂತೆ ಕಾಣುತ್ತಾನೆ. ವರುಣನಿಗೆ ಬಲಿಕೊಡುವೆನೆಂದು ಒಪ್ಪಿ ಪಡೆದ ಮಗನ ಬದಲಿಗೆ ಬೇರೊಬ್ಬನ ಮಗ ಬೇಕಾಗುತ್ತಾನೆ. ಹಿರಿಯನನ್ನು ತಂದೆ ಬಿಡನು, ಕಿರಿಯನನ್ನು ತಾಯಿ ಬಿಡಳು. ನಡುವಿನ ಶುನಃಶೇಪ ನೂರು ಹಸುಗಳಿಗೆ ಮಾರಾಟವಾಗುತ್ತಾನೆ. ಕಂಬಕ್ಕೆ ಕಟ್ಟುವುದಕ್ಕೆ ಇನ್ನೂ ನೂರು, ಕೊಯ್ಯುವುದಕ್ಕೆ ಮತ್ತೂ ನೂರು ಹಸುಗಳನ್ನು ಅಜೀಗರ್ತನೇ ಕೇಳುತ್ತಾನೆ. ತಾಯಂದಿರು ತವುಡು ಕೊಟ್ಟು ಆಡಿದ ಮಾರಾಟದ ಆಟವನ್ನು ಈ ತಂದೆ ನಿಜವಾಗಿಯೇ ಆಡಿದನು. ಕೊನೆಗೆ ದೇವತೆಗಳನ್ನು ಸ್ತುತಿಸಿ ಬಿಡುಗಡೆ ಹೊಂದಿದ ಹುಡುಗ ಹೆತ್ತವನ ಬಳಿಗೆ ಮರಳಲಿಲ್ಲ. ವಿಶ್ವಾಮಿತ್ರನ ಮಗನಾದ, ದೇವರಾತನೆಂಬ ಹೊಸ ಹೆಸರು ಪಡೆದ.

ಇದುವರೆಗಿನ ಹೆಸರುಗಳೆಲ್ಲ ಪ್ರೀತಿ ಆಡಿದ ಸುಳ್ಳುಗಳು. ಬೇಡವೆಂದು ಹೇಳಿದ್ದು ಬೇಕಾಗಿದ್ದುದರಿಂದಲೇ. ಆದರೆ ಇದೇ ಅಚ್ಚಿನಲ್ಲಿ ಎರಕಗೊಂಡ ಇನ್ನೊಂದು ಗುಂಪಿನ ಹೆಸರುಗಳಿವೆ. ಅವು ಸುಳ್ಳು ಹೇಳುವುದಿಲ್ಲ. ತಮಿಳಿನ ಪೋದುಂಪೊಣ್ಣು, ಅಂದರೆ ಹೆಣ್ಣು ಸಾಕು. ಬಂಗಾಳದ ಆನ್ನಾಕಾಲಿ, ಅಂದರೆ ಇನ್ನು ಬೇಡ, ಕಾಳಿ. ರಾಜಸ್ಥಾನದ ಧಾಪೂ, ತೃಪ್ತಿಯಾಯಿತು. ತುರ್ಕಿಯ ಯೆತೆರ್ ಎಂದರೂ ಸಾಕು. ಅಲ್ಲಿಯ 'ದುರ್ಸುನ್' ಗಂಡುಮಗುವಿಗೆ ನಿಲ್ಲು, ಉಳಿ ಎಂದರೆ, 'ಯೆತೆರ್' ಹೆಣ್ಣುಮಗುವಿಗೆ ಬಂದದ್ದು ಸಾಕೆನ್ನುತ್ತದೆ. ಮರಾಠಿಯಲ್ಲಿ ಮುಚ್ಚುಮರೆಯೇ ಇಲ್ಲ: ನಕೋಶಿ, ಬೇಡವಾದವಳು. ತಿಪ್ಪಣ್ಣನ ಹೆಸರು ಸಾವಿನ ಕಿವಿಗೆ ಹೇಳಿದ್ದಾದರೆ ನಕೋಶಿಯ ಹೆಸರು ದೇವರ ಕಿವಿಗೆ ಸಲ್ಲಿಸಿದ ದೂರು. ಎರಡನ್ನೂ ಹಗಲಿರುಳು ಕೇಳಿಸಿಕೊಂಡು ಬೆಳೆಯುವುದು ಮಾತ್ರ ಮಗು. ಜಾನಪದ ಅಧ್ಯಯನಗಳು ಇವೆರಡನ್ನೂ ಅನಿಷ್ಟ ನಿವಾರಣೆಯ ಹೆಸರುಗಳೆಂಬ ಒಂದೇ ತಲೆಬರಹದ ಕೆಳಗೆ ತರುವುದು ಸರಿಯಲ್ಲ. ಮೊದಲನೆಯದರಲ್ಲಿ ಅನಿಷ್ಟವೆಂದರೆ ಸಾವು. ಎರಡನೆಯದರಲ್ಲಿ ಅನಿಷ್ಟವೆಂದರೆ ಹೆಸರು ಹೊತ್ತವಳೇ.

ಕನ್ನಡದಲ್ಲಿ ಈ ಗೆರೆಯನ್ನು ಎಳೆಯುವುದು ಕಷ್ಟ. ಸಾಕಮ್ಮ, ಸಾಕವ್ವ ಎಂಬ ಹೆಸರುಗಳಲ್ಲಿ ಇರುವ 'ಸಾಕು' ಯಾವುದು? ನಾಲ್ಕನೆಯ ಹೆಣ್ಣು ಹುಟ್ಟಿದಾಗ ನಿಟ್ಟುಸಿರಿನೊಡನೆ ಬಂದ 'ಸಾಕು' ಒಂದು. ಸಾಕುಮಗಳು, ಸಾಕುತಾಯಿ ಎಂಬಲ್ಲಿಯ ಸಲಹುವ 'ಸಾಕು' ಇನ್ನೊಂದು. ತಿಪ್ಪೆಯಿಂದ ಎತ್ತಿ ತಂದು ಸಾಕಿದೆವು ಎಂಬ ನಾಟಕದ ಹೆಸರಾದರೆ ಅದು ತಿಪ್ಪವ್ವನ ತಂಗಿ. ಹೆಣ್ಣು ಸಾಕೆಂಬ ಹೆಸರಾದರೆ ನಕೋಶಿಯ ಅಕ್ಕ. ಉಚ್ಚಾರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಬೆಂಗಳೂರಿನಲ್ಲಿ ಕಾಫಿಪುಡಿಯ ಉದ್ಯಮ ಕಟ್ಟಿ ಮನೆಮಾತಾದ ಸಾಕಮ್ಮನವರ ಹೆಸರನ್ನು ನಾಲ್ಕಾರು ಊರುಗಳು ಕಾಫಿಯ ಘಮದೊಡನೆ ನೆನೆದವು; ಅಲ್ಲಿ ಎರಡು ಅರ್ಥಗಳೂ ಕರಗಿಹೋದವು. ಉಳಿದ ಸಾಕವ್ವಂದಿರಿಗೆ ಕೇಳಿ ತಿಳಿಯುವ ಅವಕಾಶವಿದ್ದದ್ದು ಹೆತ್ತವಳ ಬಳಿ ಮಾತ್ರ, ಮತ್ತು ಹೆತ್ತವಳು ಯಾವ ಉತ್ತರ ಕೊಟ್ಟರೂ ಭಾಷೆ ಅವಳ ಪರವಾಗಿಯೇ ಸಾಕ್ಷಿ ಹೇಳುತ್ತಿತ್ತು.

2011ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ನಕೋಶಿಯೆಂಬ ಅರ್ಥದ ಹೆಸರುಗಳಿದ್ದ 285 ಹುಡುಗಿಯರಿಗೆ ಸಮಾರಂಭವೊಂದರಲ್ಲಿ ಹೊಸ ಹೆಸರಿಟ್ಟರು. ಕೆಲವರು ಚಿತ್ರತಾರೆಯ ಹೆಸರನ್ನು, ಕೆಲವರು ಸಾವಿತ್ರಿಯ ಹೆಸರನ್ನು ಆರಿಸಿಕೊಂಡರು. ಹುಡುಗಿಯರಿಗೆ ಅದು ದೊಡ್ಡ ದಿನವೇ ಸರಿ. ಆದರೆ ಈ ಎರಡು ಗುಂಪಿನ ಹೆಸರುಗಳು ಮರೆಯಾಗುತ್ತಿರುವ ಕಾರಣಗಳು ಒಂದೇ ಅಲ್ಲ. ಭಾರತದಲ್ಲಿ 1971ರಲ್ಲಿ ಸಾವಿರ ಜನನಗಳಿಗೆ 129 ಶಿಶುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28. ತಿಪ್ಪಣ್ಣನ ಹೆಸರಿಗೆ ಕಾರಣವಾದ ಭಯ ಇಳಿಯಿತು, ಹೆಸರೂ ಹೋಯಿತು. ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು; 2001ರಲ್ಲಿ 927; 2011ರಲ್ಲಿ ಇನ್ನೂ ಕಡಿಮೆ. ಸಾಕೆಂದು ಹೆಸರಿಡುವ ಮಾತು ಎಷ್ಟೋ ಮನೆಗಳಲ್ಲಿ ಹುಟ್ಟುವ ಮೊದಲೇ ಮುಗಿದುಹೋಗುತ್ತಿತ್ತು. ಹೆಸರು ಹೊತ್ತು ಬದುಕಿದ ನಕೋಶಿಯರು ಆ ಲೆಕ್ಕದಲ್ಲಿ ಉಳಿದವರು.

ಊರು ಬಿಟ್ಟವರ ಹೆಸರುಗಳ ಗತಿ ಬೇರೆ. ಕಲಬುರ್ಗಿ, ವಿಜಯಪುರಗಳ ಕಡೆಯಿಂದ ಮುಂಬಯಿಗೆ ದುಡಿಯಲು ಬಂದವರ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಹುಚ್ಚಪ್ಪನ ಮಗ ಹುಚ್ಚಪ್ಪನಾಗಿ ಉಳಿಯದೆ ಸಂತೋಷನೋ ಸಂಜಯನೋ ಆಗುತ್ತಾನೆ. ತಂದೆಯ ಹೆಸರು ನಡುವೆ ಸೇರಿ, ನಗರದ ರೂಢಿಯಂತೆ, ಮಗನ ಬೆನ್ನಿಗೆ ಅಂಟುತ್ತದೆ. ಹಾಜರಿ ಕೂಗುವ ಮರಾಠಿ ಶಿಕ್ಷಕಿಗೆ ಹುಚ್ಚಪ್ಪನೆಂದರೆ ದ್ವಿತ್ವದಿಂದ ತೊಡಕಾದ ಒಂದು ಶಬ್ದ ಮಾತ್ರ. ಅದರಲ್ಲಿ ಹುಚ್ಚೂ ಇಲ್ಲ, ಆ ಹುಚ್ಚಿನ ಹಿಂದೆ ನಡುಗಿದ ಅಜ್ಜಿಯೂ ಇಲ್ಲ. ಪಕ್ಕದ ಖೋಲಿಯ ದಗಡೂನನ್ನು ಮೂವತ್ತು ವರ್ಷ ಹೆಸರು ಹಿಡಿದು ಕರೆದ ಕನ್ನಡಿಗನಿಗೂ ಅದು ಕಲ್ಲೆಂದು ತೋರಿರುವುದಿಲ್ಲ. ತನ್ನ ಭಾಷೆಯಿಂದ ಹೊರಗೆ ಬಂದ ಹೆಸರಿಗೆ ಚುಚ್ಚುವ ಮುಳ್ಳೂ ಇಲ್ಲ, ಕಾಯುವ ಬೇಲಿಯೂ ಇಲ್ಲ.

ಕೆಲವೊಮ್ಮೆ ಹೊಸ ಭಾಷೆ ಅದಕ್ಕೆ ಕೇಳದೆಯೇ ಬೇರೊಂದು ಅರ್ಥವನ್ನು ಕೊಡುತ್ತದೆ. ಬ್ಯಾಂಕಿನಲ್ಲಿ, ಪಡಿತರದ ಅಂಗಡಿಯಲ್ಲಿ ಸಾಕವ್ವ ತನ್ನ ಹೆಸರು ಹೇಳಿದಾಗ ಕೊಂಕಣ ಸೀಮೆಯ ಗುಮಾಸ್ತ ಅದನ್ನು ದೇವನಾಗರಿಯಲ್ಲಿ ಬರೆಯುತ್ತ ಒಂದು ಗಳಿಗೆ ತಲೆಯೆತ್ತಬಹುದು. ಅವನ ಮರಾಠಿಯಲ್ಲಿ 'ಸಾಕವ' ಎಂದರೆ ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಕಿರುಸೇತುವೆ.